‘ಯಾವ ವಕೀಲರನ್ನ ಹಚ್ಚೀರಿ?’

ಎಕ್ಸ್‌ರೇ ಫಿಲ್ಮಿನ ಕವರು ದಿಂಬಿನ ಪಕ್ಕದಲ್ಲಿತ್ತು. ಬಲಗಾಲಿನ ಬ್ಯಾಂಡೇಜಿನ ಅಂಚಿನಲ್ಲಿ ರಕ್ತದ ಕಲೆ ಇನ್ನೂ ಪೂರ್ತಿ ಒಣಗಿರಲಿಲ್ಲ. ನೋವಿನ ಇಂಜೆಕ್ಷನ್ನಿನ ಮಂಪರಿನಲ್ಲಿ ಮಲಗಿದ್ದ ನನ್ನ ಸೋದರತ್ತೆಯ ಮಗನ ಎಡಗೈ ಹೆಬ್ಬೆರಳು ನೀಲಿಯಾಗಿತ್ತು. ಅಲ್ಲಿಯೂ ಪೆಟ್ಟು ಬಿದ್ದಿದೆಯೇನೋ ಎಂದು ಗಾಬರಿಯಾಗಿ ಬಾಗಿ ನೋಡಿದರೆ ಅದು ಸ್ಟಾಂಪ್ ಪ್ಯಾಡಿನ ಮಸಿ. ಏಳನೇ ಇಯತ್ತೆವರೆಗೆ ಓದಿದ, ದುಂಡಗೆ ಸಹಿ ಮಾಡುವ ಹುಡುಗ. ಬಲಗೈಗೆ ಸಲೈನ್ ಸೂಜಿ ಚುಚ್ಚಿದ್ದರಿಂದ ಯಾರೋ ಎಡಗೈ ಹೆಬ್ಬೆಟ್ಟು ಒತ್ತಿಸಿಕೊಂಡು ಹೋಗಿದ್ದರು.

“ಯಾರು ಬಂದಿದ್ರು ಅತ್ತಿ?” ಎಂದು ಕೇಳಿದೆ.

“ವಕೀಲರ ಕಡೆಯಾಂವ ಅಂತ. ಭಾಳ ಒಳ್ಳೆ ಮನಷಾ ಅದಾನಪ್ಪಾ, ನನಗ ಚಾ ಸೈತ ತಂದು ಕುಡಿಸಿದ. ಇನ್ಸೂರೆನ್ಸ್ ರೊಕ್ಕ ಎಲ್ಲಾ ತಾನ ಕೊಡಸ್ತೀನಿ ಅಂದಾನ. ನೀವು ಏನೂ ಮಾಡೂದು ಬ್ಯಾಡ ಅಂದ.”

ಹೆಬ್ಬೆಟ್ಟು ಬಿದ್ದದ್ದು ಮೂರು ಕಾಗದದ ಮೇಲೆ. ಒಂದು ವಕಾಲತ್ತು, ವಕೀಲರ ಹೆಸರು ಬರೆಯುವ ಜಾಗ ಖಾಲಿ. ಇನ್ನೊಂದು ಬಾಂಡ್ ಪೇಪರು. ಅದರಲ್ಲಿ ಒಂದಕ್ಷರವೂ ಇರಲಿಲ್ಲ. ಮೂರನೆಯದು ಏನಿತ್ತೆಂದು ಅತ್ತೆಗೆ ಗೊತ್ತಿಲ್ಲ. ಅಪಘಾತವಾಗಿ ಆಗಿನ್ನೂ ಮೂವತ್ತು ತಾಸು ಕಳೆದಿರಲಿಲ್ಲ. ಆಪರೇಷನ್ ಮರುದಿನ ಇತ್ತು.

ನಮ್ಮ ಕಡೆ ಅಪಘಾತವಾದ ಮನೆಗೆ ಮಾತಾಡಿಸಲು ಬಂದವರು ಮೊದಲು ‘ಹೆಂಗದಾನ?’ ಎನ್ನುತ್ತಾರೆ, ಎರಡನೆಯ ಮಾತಿಗೇ ‘ಯಾವ ವಕೀಲರನ್ನ ಹಚ್ಚೀರಿ?’ ಎನ್ನುತ್ತಾರೆ. ಆ ಪ್ರಶ್ನೆಗೆ ಉತ್ತರ ಬಹಳಷ್ಟು ಸಲ ಮನೆಯವರು ಕೂತು ಯೋಚಿಸುವ ಮೊದಲೇ ಆಸ್ಪತ್ರೆಯ ಮೊಗಸಾಲೆಯಲ್ಲಿ ತೀರ್ಮಾನವಾಗಿ ಹೋಗಿರುತ್ತದೆ. ಮುಂದಿನ ಮೂರು ನಾಲ್ಕು ವರ್ಷ ಆ ಕುಟುಂಬ ಆ ಒಂದು ಹೆಬ್ಬೆಟ್ಟಿಗೆ ಕಟ್ಟುಬಿದ್ದಿರುತ್ತದೆ. ಈ ಬರಹ ಆ ಹೆಬ್ಬೆಟ್ಟಿನ ಬಗ್ಗೆ. ನಾನು ವಕೀಲನಲ್ಲ. ಅತ್ತೆಯ ಮಗನ ಕೇಸಿನ ಬೆನ್ನು ಹತ್ತಿ ಠಾಣೆ, ಆಸ್ಪತ್ರೆ, ಕೋರ್ಟು ತಿರುಗಿ, ತೀರ್ಪುಗಳನ್ನು ಹುಡುಕಿ ಓದಿ ತಿಳಿದುಕೊಂಡದ್ದನ್ನು ಇಲ್ಲಿ ಹೇಳುತ್ತಿದ್ದೇನೆ.

ನಮ್ಮ ಕೊಪ್ಪಳ ಜಿಲ್ಲೆಯ ರಸ್ತೆಗಳನ್ನು ಬಲ್ಲವರಿಗೆ ಇದು ದೂರದ ಮಾತಲ್ಲ. ವಿಜಯಪುರದ ಕಡೆಯಿಂದ ಬರುವ ರಾಷ್ಟ್ರೀಯ ಹೆದ್ದಾರಿ 50 ಕುಷ್ಟಗಿಯ ಮೈಮೇಲೆ ಹಾದು ಹೊಸಪೇಟೆಯತ್ತ ಹೋಗುತ್ತದೆ. ಹುಬ್ಬಳ್ಳಿ, ಗದಗ ಕಡೆಯ 67ನೇ ಹೆದ್ದಾರಿ ಕೊಪ್ಪಳ, ಗಿಣಿಗೇರಿ ದಾಟಿ ಅದೇ ದಿಕ್ಕಿಗೆ ಸಾಗುತ್ತದೆ. ಗಿಣಿಗೇರಿ ಸುತ್ತಿನ ಕಬ್ಬಿಣದ ಕಾರ್ಖಾನೆಗಳ ಲಾರಿ, ಗಂಗಾವತಿ, ಕಾರಟಗಿಯ ಅಕ್ಕಿ ಗಿರಣಿಗಳಿಗೆ ಹೋಗುವ ಭತ್ತದ ಟ್ರ್ಯಾಕ್ಟರು, ಅಂಜನಾದ್ರಿಗೆ ಬರುವ ಕಾರುಗಳು, ಹುಲಿಗೆಮ್ಮನ ಹುಣ್ಣಿಮೆಗೆ ಪಾದಯಾತ್ರೆ ಹೊರಟವರು, ಗವಿಮಠದ ಜಾತ್ರೆಗೆ ರೊಟ್ಟಿ ಹೊತ್ತು ಬರುವ ಗಾಡಿಗಳು, ಇವೆಲ್ಲಕ್ಕೂ ಇರುವುದು ಅದೇ ಡಾಂಬರು. ಯಲಬುರ್ಗಾದ ಹಳ್ಳಿಗಳಿಂದ ದುಡಿಯಲು ಗೋವಾ, ಮಂಗಳೂರು, ಬೆಂಗಳೂರಿಗೆ ಹೋಗುವವರು ರಾತ್ರಿ ಕ್ರೂಸರಿನಲ್ಲಿ ಮಂಡಿಗೆ ಮಂಡಿ ತಾಗಿಸಿ ಕೂತು ಹೋಗುತ್ತಾರೆ. ಪೆಟ್ಟು ಬಿದ್ದವರು ಹೆಚ್ಚಾಗಿ ದುಡಿದು ತಿನ್ನುವವರೇ. ಕಾಲು ಮುರಿದರೆ ಮನೆಯ ಗಳಿಕೆಯೇ ಮುರಿಯುತ್ತದೆ. ಅದಕ್ಕೇ ಆ ಚಹಾ ಕುಡಿಸುವ ಮನುಷ್ಯ ದೇವರಂತೆ ಕಾಣುತ್ತಾನೆ.

ಅವನ ಕೈಯಲ್ಲಿರುವ ದೊಡ್ಡ ಅಸ್ತ್ರ ಅವಸರ. ‘ಈಗ ಸಹಿ ಮಾಡಲಿಲ್ಲ ಅಂದ್ರ ಕೇಸ್ ಹೋಗ್ತೈತಿ’ ಎನ್ನುತ್ತಾನೆ. ಹೋಗುವುದಿಲ್ಲ. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ ಪ್ರಕಾರ ಪರಿಹಾರದ ಅರ್ಜಿ ಹಾಕಲು ಅಪಘಾತದ ದಿನದಿಂದ ಆರು ತಿಂಗಳ ಅವಧಿ ಇದೆ. ಆ ನಿಯಮ ಜಾರಿಗೆ ಬಂದದ್ದು 2022ರ ಏಪ್ರಿಲ್ 1ಕ್ಕೆ. ಅದಕ್ಕೂ ಮೊದಲು, 1994ರ ತಿದ್ದುಪಡಿಯ ನಂತರ, ಇಂಥ ಗಡುವೇ ಇರಲಿಲ್ಲ. ಹೊಸ ಗಡುವು ಸರಿಯೋ ತಪ್ಪೋ ಎಂಬ ಪ್ರಶ್ನೆ ಸುಪ್ರೀಂ ಕೋರ್ಟಿನವರೆಗೂ ಹೋಗಿದೆ. ಅದನ್ನು ನಂಬಿಕೊಂಡು ಕೂರಬಾರದು. ಆರು ತಿಂಗಳನ್ನು ಗಟ್ಟಿ ಗಡುವೆಂದೇ ಹಿಡಿಯಬೇಕು. ಆದರೆ ಆರು ತಿಂಗಳು ಎಂದರೆ ಆರು ತಿಂಗಳು. ಆಪರೇಷನ್ನಿನ ಹಿಂದಿನ ದಿನ ಹೆಬ್ಬೆಟ್ಟು ಒತ್ತುವ ಅಗತ್ಯ ಯಾರಿಗೂ ಇಲ್ಲ.

ಇನ್ನೊಂದು ಸಂಗತಿ ನಮ್ಮ ಹಳ್ಳಿಗಳಿಗೆ ಇನ್ನೂ ತಲುಪಿಲ್ಲ. ಕೇಸಿನ ಮೊದಲ ಹೆಜ್ಜೆಗಳನ್ನು ಈಗ ಪೊಲೀಸರೇ ಇಡಬೇಕು. 2022ರ ಕೇಂದ್ರ ನಿಯಮಗಳ ಪ್ರಕಾರ ಅಪಘಾತವಾದ 48 ತಾಸಿನೊಳಗೆ ತನಿಖಾಧಿಕಾರಿ ‘ಎಫ್‌ಎಆರ್’ ಎಂಬ ಮೊದಲ ಅಪಘಾತ ವರದಿಯನ್ನು ಅಪಘಾತ ಪರಿಹಾರ ನ್ಯಾಯಮಂಡಳಿಗೂ ವಿಮಾ ಕಂಪನಿಗೂ ಕಳಿಸಬೇಕು. ಹತ್ತು ದಿನದೊಳಗೆ ಗಾಯಾಳುವಿಗೆ ಅವನ ಹಕ್ಕುಗಳೇನು ಎಂದು ತಿಳಿಸುವ ನಮೂನೆಯನ್ನು ಕೈಗೆ ಕೊಡಬೇಕು. 50 ದಿನಕ್ಕೆ ಮಧ್ಯಂತರ ವರದಿ, 90 ದಿನಕ್ಕೆ ಪೂರ್ಣ ವಿವರದ ವರದಿ. ಆ ವರದಿಯನ್ನೇ ಪರಿಹಾರದ ಅರ್ಜಿ ಎಂದು ಪರಿಗಣಿಸಲು ಕಾಯ್ದೆಯ 166ನೇ ಕಲಮಿನಲ್ಲಿ ಅವಕಾಶವಿದೆ. 2022ರ ಡಿಸೆಂಬರ್ 15ರಂದು ಗೋಹರ್ ಮೊಹಮ್ಮದ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಇದನ್ನೆಲ್ಲ ಎಲ್ಲ ರಾಜ್ಯಗಳ ಪೊಲೀಸರೂ ಪಾಲಿಸಲೇಬೇಕೆಂದು ಹೇಳಿತು. ಠಾಣೆಗೆ ಹೋದಾಗ ಎಫ್‌ಐಆರ್ ಪ್ರತಿಯ ಜೊತೆಗೆ ‘ಎಫ್‌ಎಆರ್ ಕಳಿಸೀರೇನ್ರಿ ಸಾಹೇಬ್ರ?’ ಎಂದು ಒಂದು ಮಾತು ಕೇಳಿ. ಕೇಳುವವರು ಇದ್ದಾರೆಂದು ಗೊತ್ತಾದ ಕಡೆ ಕಾಗದ ಬೇಗ ಸರಿಯುತ್ತದೆ.

ಹಾಗಾದರೆ ವಕೀಲರೇ ಬೇಡವೇ? ಕೆಲವು ಕಡೆ ನಿಜಕ್ಕೂ ಬೇಡ. ಗುದ್ದಿದ ಗಾಡಿ ಯಾವುದೆಂದೇ ಗೊತ್ತಾಗದ ಪ್ರಕರಣದಲ್ಲಿ ಸರ್ಕಾರದ ಯೋಜನೆಯಿದೆ: ಸಾವಿಗೆ 2 ಲಕ್ಷ, ತೀವ್ರ ಗಾಯಕ್ಕೆ 50 ಸಾವಿರ ರೂಪಾಯಿ. ಅದಕ್ಕೆ ತಹಶೀಲ್ದಾರ್ ಅಥವಾ ಉಪವಿಭಾಗಾಧಿಕಾರಿಯ ಕಚೇರಿಯಲ್ಲಿ ಅರ್ಜಿ ಕೊಟ್ಟರೆ ಸಾಕು. ಆ 50 ಸಾವಿರದಲ್ಲಿ ಯಾರಿಗೂ ಪಾಲು ಕೊಡಬೇಕಿಲ್ಲ. ಆಸ್ಪತ್ರೆಯ ಖರ್ಚಿನ ಮಾತೂ ಹಾಗೆಯೇ. 2025ರ ಮೇ ತಿಂಗಳಲ್ಲಿ ಹೊರಬಂದ ಕೇಂದ್ರದ ಯೋಜನೆಯಲ್ಲಿ ಗೊತ್ತುಪಡಿಸಿದ ಆಸ್ಪತ್ರೆಗಳಲ್ಲಿ ಏಳು ದಿನದವರೆಗೆ, ಒಂದೂವರೆ ಲಕ್ಷ ರೂಪಾಯಿ ಮಿತಿಯೊಳಗೆ ನಗದಿಲ್ಲದೆ ಚಿಕಿತ್ಸೆ ಸಿಗಬೇಕು. ಉಳಿದ ಕಡೆ, ಅಂದರೆ ಗಾಡಿ ಗೊತ್ತಿದೆ, ವಿಮೆ ಇದೆ, ಗಾಯ ದೊಡ್ಡದಿದೆ ಎಂಬಲ್ಲಿ ವಕೀಲರು ಬೇಕು. ಎದುರಿಗೆ ವಿಮಾ ಕಂಪನಿಯ ವಕೀಲರು ಇದ್ದೇ ಇರುತ್ತಾರೆ; ಪಾಟೀಸವಾಲು ಮಾಡುವುದೇ ಅವರ ದಿನನಿತ್ಯದ ಕೆಲಸ.

ವಕೀಲರನ್ನು ಆರಿಸುವ ಮಾತು ಬಂದ ಕೂಡಲೇ ನಮ್ಮಲ್ಲಿ ಎಲ್ಲರೂ ಪರ್ಸೆಂಟೇಜಿನ ಮಾತಿಗೆ ಬೀಳುತ್ತಾರೆ. ‘ಅವರು ಇಪ್ಪತ್ತು ಕೇಳ್ತಾರ, ಇವರು ಹದಿನೈದಕ್ಕ ಮುಗಸ್ತಾರ’ ಎಂದು ಕಟ್ಟೆಯ ಮೇಲೆ ಚರ್ಚೆ ನಡೆಯುತ್ತದೆ. ಬಂದ ಪರಿಹಾರದಲ್ಲಿ ಇಷ್ಟು ಪಾಲು ಎಂದು ವಕೀಲರು ಫೀ ಕರಾರು ಮಾಡಿಕೊಳ್ಳುವುದನ್ನು ಭಾರತೀಯ ವಕೀಲರ ಪರಿಷತ್ತಿನ ನಿಯಮಗಳು ನಿಷೇಧಿಸಿವೆ. ಇದರ ಬಗ್ಗೆ ಸುಪ್ರೀಂ ಕೋರ್ಟಿನ ಮುಖ್ಯ ತೀರ್ಪೊಂದು ಅಪಘಾತದ ಕೇಸಿನಿಂದಲೇ ಹುಟ್ಟಿದೆ, ಅದೂ ಪಕ್ಕದ ತೆಲಂಗಾಣದಿಂದ. ಗಂಡನನ್ನು ಅಪಘಾತದಲ್ಲಿ ಕಳೆದುಕೊಂಡ ಮಹಿಳೆಯೊಬ್ಬರು ಪರಿಹಾರ ಬಂದ ಮೇಲೆ ತಮ್ಮ ವಕೀಲರಿಗೆ 10 ಲಕ್ಷ ರೂಪಾಯಿ ಕೊಟ್ಟಿದ್ದರು. ಅದು ಸಾಲದೆಂದು ಇನ್ನೂ 3 ಲಕ್ಷದ ಚೆಕ್ ಬರೆಸಿಕೊಂಡ ವಕೀಲರು, ಅದು ಬೌನ್ಸ್ ಆದಾಗ ಆಕೆಯ ಮೇಲೆಯೇ ಚೆಕ್ ಬೌನ್ಸ್ ಕೇಸು ಹಾಕಿದರು. 2017ರ ಡಿಸೆಂಬರ್ 5ರಂದು ನ್ಯಾಯಮೂರ್ತಿ ಆದರ್ಶ ಕುಮಾರ್ ಗೋಯಲ್ ಮತ್ತು ಯು.ಯು. ಲಲಿತ್ ಅವರ ಪೀಠ ಆ ಕೇಸನ್ನು ರದ್ದು ಮಾಡಿತು. ದಾವೆಯ ಫಲದಲ್ಲಿ ಪಾಲು ಕೇಳುವುದು ಸಾರ್ವಜನಿಕ ನೀತಿಗೆ ವಿರುದ್ಧ, ವೃತ್ತಿಗೂ ಕಳಂಕ ಎಂಬುದು ಆ ತೀರ್ಪಿನ ತಿರುಳು.

ಈ ತೀರ್ಪು ಓದಿದ ದಿನ ನನಗೆ ಸಂತೋಷವಾಯಿತು. ಮರುದಿನ ಅತ್ತೆಯ ಮನೆಯಲ್ಲಿ ಕೂತಾಗ ಆ ಸಂತೋಷ ಉಳಿಯಲಿಲ್ಲ. ಮನೆಯಲ್ಲಿ ದುಡಿಯುವವನೊಬ್ಬ ಮಂಚ ಹಿಡಿದಿದ್ದಾನೆ. ಮುಂಗಡ ಫೀ ಎಲ್ಲಿಂದ ತರುವುದು? ‘ಬಂದಾಗ ಕೊಡ್ರಿ’ ಎನ್ನುವ ವಕೀಲರು ಇಲ್ಲದಿದ್ದರೆ ಇಂಥ ಎಷ್ಟೋ ಮನೆಗಳು ಕೋರ್ಟಿನ ಮೆಟ್ಟಿಲನ್ನೇ ಹತ್ತುತ್ತಿರಲಿಲ್ಲ. ಹಾಗೆ ಕಾಯ್ದುಕೊಂಡು, ಸ್ವಂತ ಕೈಯಿಂದ ಟೈಪಿಂಗು, ಝೆರಾಕ್ಸು, ಡಾಕ್ಟರ ಸಾಕ್ಷಿಯ ಖರ್ಚು ಹಾಕಿ ಕೇಸು ನಡೆಸಿದ ಸಜ್ಜನ ವಕೀಲರು ನಮ್ಮ ತಾಲೂಕುಗಳಲ್ಲಿ ಇದ್ದಾರೆ. ಅವರಿಗೆ ನಾನು ಕೈ ಮುಗಿಯುತ್ತೇನೆ. ಕಾಯುವುದು ಬೇರೆ, ಪಾಲು ಬರೆಸಿಕೊಳ್ಳುವುದು ಬೇರೆ. ಫೀ ಎಷ್ಟು ಎಂಬುದು ಮೊದಲೇ ಒಂದು ಮೊತ್ತವಾಗಿ ನಿಗದಿಯಾಗಲಿ, ಅದನ್ನು ಚೀಟಿಯಲ್ಲಿ ಬರೆದು ಇಬ್ಬರೂ ಸಹಿ ಹಾಕಲಿ, ಕೊಡುವುದು ಕಂತಿನಲ್ಲೋ ಪರಿಹಾರ ಬಂದ ಮೇಲೋ ಆಗಲಿ. ಆ ಚೀಟಿ ಕೇಳಿದರೆ ಮುಖ ಗಂಟಿಕ್ಕುವವರ ಕಚೇರಿಯಿಂದ ಎದ್ದು ಬರುವುದು ಒಳ್ಳೆಯದು. ಖಾಲಿ ಚೆಕ್ಕು, ಖಾಲಿ ಬಾಂಡು ಕೇಳಿದವರ ಮುಂದೆ ಕೂರುವುದೇ ಬೇಡ.

ಆಸ್ಪತ್ರೆಗೆ ಬಂದ ಆ ಮನುಷ್ಯನ ಮಾತಿಗೆ ಬರುತ್ತೇನೆ. ವಕೀಲರು ಕೆಲಸ ಹುಡುಕಿಕೊಂಡು ಗಿರಾಕಿಯ ಬಳಿ ಹೋಗುವಂತಿಲ್ಲ, ಜನರನ್ನು ಕಳಿಸಿ ಕರೆಸಿಕೊಳ್ಳುವಂತೆಯೂ ಇಲ್ಲ. ಅದೇ ಪರಿಷತ್ತಿನ ನಿಯಮ. 2023ರಲ್ಲಿ ವಕೀಲರ ಕಾಯ್ದೆಗೆ ಸೇರಿಸಿದ ಹೊಸ ಕಲಮಿನ ಪ್ರಕಾರ ಹೈಕೋರ್ಟು, ಜಿಲ್ಲಾ ನ್ಯಾಯಾಧೀಶರು ದಲ್ಲಾಳಿಗಳ ಪಟ್ಟಿ ಮಾಡಿ ಪ್ರಕಟಿಸಬಹುದು. ಪಟ್ಟಿಯಲ್ಲಿ ಹೆಸರಿದ್ದೂ ದಂಧೆ ಮುಂದುವರಿಸಿದರೆ ಮೂರು ತಿಂಗಳವರೆಗೆ ಜೈಲು. ಅಂದರೆ ಏಜೆಂಟನನ್ನು ಕಳಿಸಿದ ವಕೀಲರು ಮೊದಲ ದಿನವೇ ಒಂದು ನಿಯಮ ಮುರಿದಿದ್ದಾರೆ. ಕೊನೆಯ ದಿನ ಲೆಕ್ಕ ಕೊಡುವಾಗ ಅವರು ನಿಯಮ ಪಾಲಿಸುತ್ತಾರೆಂದು ನಾನಂತೂ ನಂಬಲಾರೆ.

ಇಷ್ಟಾದರೂ ಫೀ ಈ ವಿಷಯದ ತಿರುಳಲ್ಲ. ಗಾಯಾಳುವಿಗೆ ಸಿಗುವ ಪರಿಹಾರ ಎಷ್ಟು ಎಂಬುದು ನಿರ್ಧಾರವಾಗುವುದು ಸಾಕ್ಷಿ ನುಡಿಯುವ ಕಟ್ಟೆಯಲ್ಲಿ. ಅಲ್ಲಿ ನಿಮ್ಮ ವಕೀಲರು ಏನು ಕೇಳುತ್ತಾರೆ, ಯಾರನ್ನು ಕರೆಸುತ್ತಾರೆ ಎಂಬುದರ ಮೇಲೆ ಎಲ್ಲ ನಿಂತಿದೆ. ಇದನ್ನು ಲೆಕ್ಕ ಹಾಕಿಯೇ ತೋರಿಸಬೇಕು.

ಅತ್ತೆಯ ಮಗ ಗೌಂಡಿ. ವಯಸ್ಸು 30. ತಿಂಗಳ ಗಳಿಕೆ 15 ಸಾವಿರ ಎಂದು ಇಟ್ಟುಕೊಳ್ಳಿ. ಬಲಗಾಲಿಗೆ ಶೇಕಡ 30ರಷ್ಟು ಊನ ಎಂದು ಡಾಕ್ಟರು ಹೇಳಿದರೆನ್ನಿ. ನಮ್ಮ ಕೋರ್ಟುಗಳಲ್ಲಿ ಸಾಮಾನ್ಯವಾಗಿ ಕೈಕಾಲಿನ ಊನದ ಮೂರನೇ ಒಂದು ಭಾಗವನ್ನು ಇಡೀ ದೇಹದ ಊನ ಎಂದು ಹಿಡಿಯುತ್ತಾರೆ. ಅಂದರೆ ಶೇ 10. ವರ್ಷದ ಗಳಿಕೆ 1,80,000 ರೂಪಾಯಿ. 2009ರ ಸರಳಾ ವರ್ಮಾ ತೀರ್ಪಿನ ಪಟ್ಟಿಯಂತೆ 26ರಿಂದ 30ರ ವಯಸ್ಸಿಗೆ ಗುಣಕ 17. ಗುಣಿಸಿದರೆ 30,60,000, ಅದರ ಶೇ 10 ಎಂದರೆ 3,06,000 ರೂಪಾಯಿ. ಮುಂದಿನ ಗಳಿಕೆಯ ನಷ್ಟದ ಬಾಬತ್ತಿಗೆ ಇಷ್ಟು ಬರೆದು ಮುಗಿಸಬಹುದು. ಬಹಳಷ್ಟು ಕೇಸುಗಳು ಹಾಗೆಯೇ ಮುಗಿಯುತ್ತವೆ.

ಈಗ ಗೌಂಡಿಯ ಕೆಲಸ ನೋಡಿ. ಇಟ್ಟಿಗೆಯ ಮೊದಲ ಸಾಲುಗಳನ್ನು ಕಟ್ಟುವಾಗ ಕುಕ್ಕರಗಾಲಿನಲ್ಲಿ ತಾಸುಗಟ್ಟಲೆ ಕೂರಬೇಕು. ಗೋಡೆ ಎದೆಮಟ್ಟ ಬಂದ ಮೇಲೆ ಸಾರವೆ ಹತ್ತಬೇಕು. ಗಿಲಾಯಿ ಮಾಡುವಾಗ ಒಂದು ಕೈಯಲ್ಲಿ ಕಲಸಿದ ಸಿಮೆಂಟು, ಇನ್ನೊಂದು ಕೈಯಲ್ಲಿ ಕರಣಿ, ಮೈಭಾರವೆಲ್ಲ ಎರಡು ಪಾದದ ಮೇಲೆ. ಮಂಡಿ ಪೂರ್ತಿ ಮಡಿಚಲಾಗದ ಮನುಷ್ಯ ಇದರಲ್ಲಿ ಯಾವುದನ್ನು ಮಾಡಿಯಾನು? ಇದೇ ಪ್ರಶ್ನೆಯನ್ನು 2010ರಲ್ಲಿ ರಾಜ್‌ಕುಮಾರ್ ಪ್ರಕರಣದಲ್ಲಿ ನ್ಯಾಯಮೂರ್ತಿ ಆರ್.ವಿ. ರವೀಂದ್ರನ್ ಎತ್ತಿದರು. ಕರ್ನಾಟಕದಲ್ಲೇ ವಕೀಲಿಕೆ ಮಾಡಿ, ನಮ್ಮ ಹೈಕೋರ್ಟಿನಲ್ಲೇ ನ್ಯಾಯಮೂರ್ತಿಯಾಗಿದ್ದವರು ಅವರು. ದೇಹದ ಊನದ ಶೇಕಡಾವಾರು ಬೇರೆ, ಗಳಿಸುವ ಶಕ್ತಿಯ ನಷ್ಟ ಬೇರೆ ಎಂದು ಆ ತೀರ್ಪು ಬಿಡಿಸಿ ಹೇಳಿತು. ಎಡಗೈ ಕಳೆದುಕೊಂಡ ಚಾಲಕ ಅಥವಾ ಬಡಗಿಗೆ ಬದುಕಿನ ಕಸುಬೇ ಹೋಗುತ್ತದೆ. ಅದೇ ಕೈ ಕಳೆದುಕೊಂಡ ಸರ್ಕಾರಿ ಗುಮಾಸ್ತ ಕೆಲಸದಲ್ಲಿ ಮುಂದುವರಿಯಬಹುದು. ಗಾಯ ಒಂದೇ, ನಷ್ಟ ಬೇರೆ. ಈ ಗೌಂಡಿಯ ಗಳಿಕೆಯ ಶಕ್ತಿ ಶೇ 30ರಷ್ಟು ಕುಂದಿದೆ ಎಂದು ನ್ಯಾಯಮಂಡಳಿಗೆ ಮನವರಿಕೆಯಾದರೆ ಅದೇ ಲೆಕ್ಕ 9,18,000 ರೂಪಾಯಿಗೆ ಹೋಗುತ್ತದೆ.

ಮೂರು ಲಕ್ಷಕ್ಕೂ ಒಂಬತ್ತು ಲಕ್ಷಕ್ಕೂ ನಡುವಿನ ಅಂತರ ವಕೀಲರು ಕೇಳುವ ನಾಲ್ಕು ಪ್ರಶ್ನೆಗಳಲ್ಲಿದೆ.

ನಮ್ಮ ರಾಜ್ಯದ ಎರಡು ಕೇಸು ನೆನಪಿಡಬೇಕು. 2004ರಲ್ಲಿ ಅಪಘಾತಕ್ಕೆ ಸಿಕ್ಕ ಕೂಲಿಯೊಬ್ಬರು ತಮ್ಮ ಗಳಿಕೆ ತಿಂಗಳಿಗೆ 4,500 ರೂಪಾಯಿ ಎಂದಿದ್ದರು. ಕಾಗದ ಇಲ್ಲವೆಂದು ಕೆಳಗಿನ ಕೋರ್ಟು 3,000ಕ್ಕೆ ಇಳಿಸಿತು. ಕೂಲಿ ಮಾಡುವವನ ಬಳಿ ಸಂಬಳದ ಚೀಟಿ ಎಲ್ಲಿಂದ ಬರಬೇಕು ಎಂಬ ಧಾಟಿಯಲ್ಲಿ ಯೋಚಿಸಿದ ಸುಪ್ರೀಂ ಕೋರ್ಟು 2011ರಲ್ಲಿ ಅವರು ಹೇಳಿದ 4,500 ರೂಪಾಯಿಯನ್ನೇ ಒಪ್ಪಿತು. ಇನ್ನೊಬ್ಬರು ತರಕಾರಿ ಮಾರುವ 24ರ ತರುಣ. 2008ರ ಅಪಘಾತದಲ್ಲಿ ಬಲಗಾಲು ಕಳೆದುಕೊಂಡರು. ಹೈಕೋರ್ಟು ಅವರ ಶಕ್ತಿನಷ್ಟವನ್ನು ಶೇ 65 ಎಂದಿತ್ತು; ತರಕಾರಿ ಮಾರುವವನು ಓಡಾಡಲೇಬೇಕಲ್ಲ ಎಂದು ಸುಪ್ರೀಂ ಕೋರ್ಟು 2014ರಲ್ಲಿ ಅದನ್ನು ಶೇ 85ಕ್ಕೆ ಏರಿಸಿ, ತಿಂಗಳ ಆದಾಯ 6,500 ಎಂದು ಹಿಡಿಯಿತು. ಇಬ್ಬರೂ ದೆಹಲಿಯವರೆಗೆ ಹೋಗಬೇಕಾಯಿತು ಎಂಬುದು ನನ್ನ ಸಂಕಟ. ತಾಲೂಕಿನ ಕೋರ್ಟಿನಲ್ಲೇ ಆ ಕೆಲಸದ ಸ್ವರೂಪ ಪೂರ್ತಿಯಾಗಿ ದಾಖಲಾದರೆ ಅಷ್ಟು ವರ್ಷ ಉಳಿಯುತ್ತದೆ.

ಅದಕ್ಕೇ ವಕೀಲರ ಕಚೇರಿಗೆ ಮೊದಲ ಸಲ ಹೋದಾಗ ಅವರು ಏನು ಕೇಳುತ್ತಾರೆ ಎಂಬುದನ್ನು ಗಮನಿಸಿ. ‘ಇನ್ಸೂರೆನ್ಸ್ ಐತೇನು? ಎಫ್‌ಐಆರ್ ಆಗೈತೇನು? ಇಲ್ಲಿ ಸಹಿ ಮಾಡ್ರಿ’ ಎಂದು ಮೂರು ಮಾತಿನಲ್ಲಿ ಮುಗಿಸುವವರು ಕೇಸನ್ನೂ ಹಾಗೆಯೇ ಮುಗಿಸುತ್ತಾರೆ. ‘ದಿನಾ ಮುಂಜಾನೆ ಎದ್ದು ಏನೇನ್ ಕೆಲಸ ಮಾಡ್ತಿದ್ರಿ? ಯಾರ ಕೈಕೆಳಗ ಮಾಡ್ತಿದ್ರಿ? ಪಗಾರ ಕೈಯಾಗ ಕೊಡ್ತಿದ್ರೋ, ಫೋನ್‌ಪೇಯಾಗ ಹಾಕ್ತಿದ್ರೋ?’ ಎಂದು ಕೇಳುವವರು ಸಿಕ್ಕರೆ ಅಲ್ಲಿಯೇ ಕೂರಿ. ಮೇಸ್ತ್ರಿ ಫೋನಿಗೆ ಕಳಿಸಿದ ರೊಕ್ಕದ ಮೆಸೇಜು ಇವತ್ತು ಒಳ್ಳೆಯ ಸಾಕ್ಷಿ. ಮನೆ ಕಟ್ಟಿಸಿಕೊಂಡವರು ಬಂದು ‘ನನ್ನ ಮನೆಯ ಗೋಡೆ ಇವನೇ ಕಟ್ಟಿದ’ ಎಂದರೆ ಇನ್ನೂ ಒಳ್ಳೆಯದು.

ಡಾಕ್ಟರ ವಿಷಯದಲ್ಲಿಯೂ ಆ 2010ರ ತೀರ್ಪು ಖಡಾಖಂಡಿತ. ಚಿಕಿತ್ಸೆ ಕೊಡದೆ, ಸರಿಯಾಗಿ ಪರೀಕ್ಷಿಸದೆ ಸಿದ್ಧವಾಗಿ ಸಿಗುವ ಊನದ ಸರ್ಟಿಫಿಕೇಟುಗಳ ಬಗ್ಗೆ ನ್ಯಾಯಮಂಡಳಿಗಳು ಎಚ್ಚರ ವಹಿಸಬೇಕು ಎಂದು ಅದು ಹೇಳಿದೆ. ಏಜೆಂಟರು ‘ಡಿಸೆಬಿಲಿಟಿ ನಾವ ಮಾಡಸ್ತೀವಿ’ ಎನ್ನುವುದು ಇಂಥ ಸರ್ಟಿಫಿಕೇಟನ್ನೇ. ಕೇಳುವಾಗ ದೊಡ್ಡ ಸಂಖ್ಯೆ. ಪಾಟೀಸವಾಲಿನಲ್ಲಿ ಕಾಗದದ ಹಾಳೆ. ರಾಡ್ ಹಾಕಿದ ಡಾಕ್ಟರೇ ಬಂದು ಸಾಕ್ಷಿ ನುಡಿದರೆ ಅದರ ತೂಕ ಬೇರೆ. ಅವರನ್ನು ಕರೆಸುವುದು ಸುಲಭವಲ್ಲ. ಹುಬ್ಬಳ್ಳಿಯಲ್ಲೋ ಬಳ್ಳಾರಿಯಲ್ಲೋ ಆಪರೇಷನ್ ಆಗಿದ್ದರೆ ಆ ಡಾಕ್ಟರು ಕುಷ್ಟಗಿಗೆ ಒಂದು ದಿನ ಬರಲು ಒಪ್ಪಬೇಕು, ಇಲ್ಲವೇ ಕಮಿಷನ್ ಮೂಲಕ ಅವರ ಹೇಳಿಕೆ ಪಡೆಯಬೇಕು. ‘ಚಿಕಿತ್ಸೆ ಕೊಟ್ಟ ಡಾಕ್ಟರನ್ನು ಸಾಕ್ಷಿಗೆ ಕರೆಸುತ್ತೀರಾ?’ ಎಂಬ ಒಂದೇ ಪ್ರಶ್ನೆಯಿಂದ ವಕೀಲರ ಮನಸ್ಸು ತಿಳಿಯುತ್ತದೆ.

ಊರಿನ ವಕೀಲರೋ, ಬೆಂಗಳೂರಿನವರೋ ಎಂಬ ಗೊಂದಲ ಹಲವರಿಗೆ. ಅಪಘಾತ ಎಲ್ಲೇ ಆಗಿರಲಿ, ಗಾಯಾಳು ವಾಸಿಸುವ ಊರಿನ ವ್ಯಾಪ್ತಿಯ ನ್ಯಾಯಮಂಡಳಿಯಲ್ಲೂ ಅರ್ಜಿ ಹಾಕಬಹುದು. ಕೊಪ್ಪಳದ ಜಿಲ್ಲಾ ನ್ಯಾಯಾಲಯದ ಜೊತೆಗೆ ಗಂಗಾವತಿ, ಕುಷ್ಟಗಿ, ಯಲಬುರ್ಗಾದ ಹಿರಿಯ ಸಿವಿಲ್ ನ್ಯಾಯಾಲಯಗಳೂ ಅಪಘಾತ ಪರಿಹಾರ ನ್ಯಾಯಮಂಡಳಿಗಳಾಗಿ ಕೆಲಸ ಮಾಡುತ್ತವೆ. ಗೋವಾದ ದಾರಿಯಲ್ಲಿ ಕ್ರೂಸರ್ ಪಲ್ಟಿಯಾದರೂ ಯಲಬುರ್ಗಾದವರು ಯಲಬುರ್ಗಾದಲ್ಲೇ ಕೇಸು ನಡೆಸಬಹುದು. ಊರುಗೋಲು ಹಿಡಿದವನು ಪ್ರತಿ ತಾರೀಖಿಗೆ ರಾತ್ರಿ ಬಸ್ಸಿನಲ್ಲಿ ಬೆಂಗಳೂರಿಗೆ ಹೋಗುವುದು ನನಗೆ ಸರಿ ಕಾಣುವುದಿಲ್ಲ. ಗೌಂಡಿಗೆ ಇವತ್ತು ದಿನಕ್ಕೆ ಎಷ್ಟು ಕೂಲಿ, ಭತ್ತದ ನಾಟಿಗೆ ಎಷ್ಟು ಎಂದು ಇಲ್ಲಿನ ವಕೀಲರಿಗೆ ಯಾರೂ ಹೇಳಿಕೊಡಬೇಕಿಲ್ಲ. ಮೇಲ್ಮನವಿಯ ಮಾತು ಬೇರೆ. ನಮ್ಮ ಜಿಲ್ಲೆಗೆ ಅದು ಧಾರವಾಡದ ಹೈಕೋರ್ಟ್ ಪೀಠ. ತೀರ್ಪಿನ ದಿನದಿಂದ 90 ದಿನದೊಳಗೆ ಹೋಗಬೇಕು, ಅಲ್ಲಿಗೆ ಅಲ್ಲಿಯ ವಕೀಲರೇ ಬೇಕು. ಸ್ಥಳೀಯ ವಕೀಲರು ಅಪಘಾತದ ಕೇಸುಗಳನ್ನು ನಿಜವಾಗಿ ನಡೆಸುತ್ತಾರೋ ಇಲ್ಲವೋ ಎಂದು ತಿಳಿಯಲು ಮೊಬೈಲಿನ ಇ-ಕೋರ್ಟ್ಸ್ ಆ್ಯಪ್ ಸಾಕು. ವಕೀಲರ ಹೆಸರು ಹಾಕಿದರೆ ಆ ಕೋರ್ಟಿನಲ್ಲಿ ಅವರ ಎಂವಿಸಿ, ಅಂದರೆ ಮೋಟಾರು ವಾಹನ ಅಪಘಾತದ ಕೇಸುಗಳ ಪಟ್ಟಿ ಬರುತ್ತದೆ, ತೀರ್ಪುಗಳನ್ನೂ ತೆರೆದು ಓದಬಹುದು. ಮನೆಯಲ್ಲಿ ಕಾಲೇಜಿಗೆ ಹೋಗುವ ಹುಡುಗಿಯಿದ್ದರೆ ಹದಿನೈದು ನಿಮಿಷದ ಕೆಲಸ.

ಟ್ರ್ಯಾಕ್ಟರ್ ಟ್ರಾಲಿಯಲ್ಲಿ, ಸರಕಿನ ಗಾಡಿಯಲ್ಲಿ ಕೂತು ಪೆಟ್ಟು ತಿಂದವರ ಕೇಸು ಇನ್ನೂ ಸೂಕ್ಷ್ಮ. ಕಳೆ ತೆಗೆಯಲು, ಹತ್ತಿ ಬಿಡಿಸಲು ಹೋಗುವ ಹೆಣ್ಣುಮಕ್ಕಳು ನಮ್ಮಲ್ಲಿ ಹೋಗುವುದೇ ಹಾಗೆ. ಸರಕಿನ ಗಾಡಿಯಲ್ಲಿ ಸುಮ್ಮನೆ ಕೂತು ಹೊರಟ ಪ್ರಯಾಣಿಕರಿಗೆ ವಿಮಾ ಕಂಪನಿ ಹೊಣೆಯಲ್ಲ ಎಂದು 2002ರಲ್ಲೇ ಸುಪ್ರೀಂ ಕೋರ್ಟು ಹೇಳಿದೆ. ಗಾಡಿಯ ಮಾಲೀಕನ ಕೈಕೆಳಗೆ ದುಡಿಯುತ್ತಿದ್ದ ಆಳಾಗಿದ್ದರೆ ನೌಕರರ ಪರಿಹಾರ ಕಾನೂನಿನ ದಾರಿಯೂ ಇದೆ. ಎರಡು ದಾರಿಯಲ್ಲಿ ಒಂದನ್ನೇ ಹಿಡಿಯಬೇಕು, ಎರಡೂ ಆಗುವುದಿಲ್ಲ. ಯಾರು ಎಲ್ಲಿ ಕೂತಿದ್ದರು, ಯಾರ ಹೊಲಕ್ಕೆ ಹೊರಟಿದ್ದರು, ಕೂಲಿ ಯಾರು ಕೊಡುತ್ತಿದ್ದರು ಎಂದು ತಾಳ್ಮೆಯಿಂದ ಕೇಳಿ ದಾರಿ ಆರಿಸುವ ವಕೀಲರೇ ಇಲ್ಲಿ ಬೇಕು. ಕೆಲವರು ಇನ್ನೊಂದು ದಾರಿ ತೋರಿಸುತ್ತಾರೆ: ‘ಆ ಗಾಡಿಗೆ ವಿಮೆ ಇಲ್ಲ, ವಿಮೆ ಇರೋ ಬ್ಯಾರೆ ಗಾಡಿ ತೋರಸೂಣ.’ ದಯವಿಟ್ಟು ಆ ಕಡೆ ಮುಖ ಹಾಕಬೇಡಿ. ಉತ್ತರ ಪ್ರದೇಶದಲ್ಲಿ ಇಂಥ ಸುಳ್ಳು ಕ್ಲೇಮುಗಳ ತನಿಖೆಗೆ ವಿಶೇಷ ತಂಡವೇ ರಚನೆಯಾಗಿ, ವಕೀಲರ ಮೇಲೂ ಕೇಸುಗಳಾದವು. ಕಾಲು ಮುರಿದವನು ಆರೋಪಿಯಾಗಿ ನಿಲ್ಲುವ ಸ್ಥಿತಿ ಬಂದರೆ ಅವನನ್ನು ಕಾಯುವವರು ಯಾರು?

ಫೀ ಕೊಡಲು ಏನೂ ಇಲ್ಲದವರಿಗೆ ಕೋರ್ಟಿನ ಆವರಣದಲ್ಲೇ ಒಂದು ಬಾಗಿಲಿದೆ. ಕೊಪ್ಪಳದ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ, ತಾಲೂಕಿನ ಸಮಿತಿಗಳು. ಹೆಣ್ಣುಮಕ್ಕಳು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು, ಇವರಿಗೆಲ್ಲ ಆದಾಯ ಎಷ್ಟೇ ಇರಲಿ ಅಲ್ಲಿ ಉಚಿತವಾಗಿ ವಕೀಲರನ್ನು ಕೊಡಬೇಕು, ಸಹಾಯವಾಣಿ 15100. ‘ಪುಕ್ಕಟೆ ವಕೀಲರು ಏನ್ ಮಾಡ್ತಾರ ಬಿಡ್ರಿ’ ಎಂಬ ಮಾತು ಬಹಳ ಸಲ ಕೇಳಿದ್ದೇನೆ. ಆ ಪಟ್ಟಿಯಲ್ಲಿಯೂ ಒಳ್ಳೆಯವರು, ಸಾಧಾರಣದವರು ಇದ್ದಾರೆ, ಹೊರಗೆ ಇರುವ ಹಾಗೆಯೇ. ಮೇಲೆ ಹೇಳಿದ ಪ್ರಶ್ನೆಗಳನ್ನು ಅವರಿಗೂ ಕೇಳಿ.

ರಾಜಿಯ ಮಾತು ಬಂದಾಗ ಇನ್ನಷ್ಟು ಎಚ್ಚರ ಬೇಕು. ತೀವ್ರ ಗಾಯಕ್ಕೆ ತಪ್ಪು ಯಾರದೆಂದು ನೋಡದೆ ಎರಡೂವರೆ ಲಕ್ಷ ರೂಪಾಯಿ ಕೊಡುವ 164ನೇ ಕಲಮು ಕಾಯ್ದೆಯಲ್ಲಿದೆ. ಅದನ್ನು ಒಪ್ಪಿ ಪಡೆದರೆ ಹೆಚ್ಚಿನ ಪರಿಹಾರದ ಅರ್ಜಿ ಅಲ್ಲಿಗೇ ಬಿದ್ದುಹೋಗುತ್ತದೆ. ಲೋಕ ಅದಾಲತ್ತಿನಲ್ಲಿ ಬೇಗ ಮುಗಿಯುತ್ತದೆ, ಎಷ್ಟೋ ಮನೆಗೆ ಅದೇ ಒಳ್ಳೆಯದೂ ಹೌದು. ಆದರೆ ಅಲ್ಲಿ ಆದ ಅವಾರ್ಡಿಗೆ ಅಪೀಲಿಲ್ಲ. 2002ರಲ್ಲಿ ನಾಗಪ್ಪ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಎರಡು ಮಾತು ಹೇಳಿತು. ಕೇಳಿದ ಮೊತ್ತಕ್ಕಿಂತ ಹೆಚ್ಚು ಪರಿಹಾರವನ್ನೂ ನ್ಯಾಯಮಂಡಳಿ ಕೊಡಬಹುದು. ಆದರೆ ಒಮ್ಮೆ ಅಂತಿಮ ಅವಾರ್ಡಾದ ಮೇಲೆ ಮುಂದೆ ಬರುವ ಚಿಕಿತ್ಸೆಯ ಖರ್ಚಿಗೆಂದು ಮತ್ತೆ ಬರುವಂತಿಲ್ಲ, ಅದನ್ನೂ ಆಗಲೇ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಕಾಲಿನಲ್ಲಿರುವ ರಾಡ್ ತೆಗೆಸುವ ಆಪರೇಷನ್ ಇನ್ನೂ ಬಾಕಿ ಇರುವಾಗ ರಾಜಿಗೆ ಸಹಿ ಮಾಡಿಸುವ ವಕೀಲರು ಆ ಖರ್ಚನ್ನು ಸೇರಿಸಿದ್ದಾರೋ ಇಲ್ಲವೋ ಎಂದು ಕೇಳಲೇಬೇಕು.

ದುಡ್ಡು ಬರುವ ದಾರಿಯೂ ಈಗ ಬದಲಾಗಿದೆ. 2025ರ ಮಾರ್ಚ್ 18ರಂದು ಸುಪ್ರೀಂ ಕೋರ್ಟು ಪರಿಹಾರದ ಮೊತ್ತವನ್ನು ನೇರವಾಗಿ ಅರ್ಜಿದಾರರ ಬ್ಯಾಂಕ್ ಖಾತೆಗೇ ಹಾಕುವ ವ್ಯವಸ್ಥೆಗೆ ನಿರ್ದೇಶನ ಕೊಟ್ಟಿತು. ಪಾಸ್‌ಬುಕ್ಕೂ ಎಟಿಎಂ ಕಾರ್ಡೂ ‘ನಮ್ಮ ಆಫೀಸಿನಲ್ಲೇ ಇರಲಿ’ ಎನ್ನುವವರಿಗೆ ಅವನ್ನು ಕೊಡಬಾರದು.

ನಮ್ಮ ಹುಡುಗನ ಹೆಬ್ಬೆಟ್ಟಿನ ಕಥೆ ಏನಾಯಿತು? ಆಪರೇಷನ್ ಮುಗಿದು ಮನೆಗೆ ಬಂದ ಮೇಲೆ ಆ ಮನುಷ್ಯನಿಗೆ ಫೋನ್ ಮಾಡಿ, ಕಾಗದ ವಾಪಸ್ ಕೊಡಿ ಎಂದೆವು. ಮೊದಲು ನಕ್ಕ, ಆಮೇಲೆ ಗದರಿದ, ಕೊನೆಗೆ ‘ಇಲ್ಲೀವರೆಗಿನ ಖರ್ಚು ಕೊಟ್ಟು ಫೈಲ್ ಒಯ್ರಿ’ ಎಂದ. ಕಕ್ಷಿದಾರ ಬಯಸಿದಾಗ ವಕೀಲರನ್ನು ಬದಲಿಸಬಹುದು. ಫೀ ಬಾಕಿಯೆಂದು ಕಕ್ಷಿದಾರನ ಕಾಗದಪತ್ರಗಳನ್ನು ಹಿಡಿದಿಟ್ಟುಕೊಳ್ಳುವ ಹಕ್ಕು ವಕೀಲರಿಗೆ ಇಲ್ಲ ಎಂದು ಸುಪ್ರೀಂ ಕೋರ್ಟು 2000ದ ಆಗಸ್ಟಿನಲ್ಲೇ ಹೇಳಿದೆ. ಆ ತೀರ್ಪಿನ ಪ್ರತಿಯನ್ನು ತೆಗೆದುಕೊಂಡು ನಾನು, ಊರಿನ ಹಿರಿಯರೊಬ್ಬರು ಆ ವಕೀಲರ ಕಚೇರಿಗೇ ಹೋದೆವು. ಅವರು ಹೆಚ್ಚು ಮಾತಾಡಲಿಲ್ಲ. ವಕಾಲತ್ತು ಹರಿದರು, ಬಾಂಡ್ ಪೇಪರನ್ನು ಡ್ರಾಯರಿನಿಂದ ತೆಗೆದು ಕೊಟ್ಟರು. ಮೂರನೆಯ ಕಾಗದ ಡಿಸ್ಚಾರ್ಜ್ ಕಾರ್ಡಿನ ಝೆರಾಕ್ಸ್ ಪಡೆಯಲು ಆಸ್ಪತ್ರೆಗೆ ಬರೆದ ಒಪ್ಪಿಗೆ ಪತ್ರವಾಗಿತ್ತು.

ಆಮೇಲೆ ಇಬ್ಬರು ವಕೀಲರನ್ನು ಕಂಡೆವು. ಎರಡನೆಯವರು ಕುಷ್ಟಗಿಯವರು, ವಯಸ್ಸಾದವರು. ಫೈಲಿನ ಕಡೆ ನೋಡಲೇ ಇಲ್ಲ. ಕುರ್ಚಿಯಲ್ಲಿದ್ದ ಹುಡುಗನಿಗೆ, “ತಮ್ಮಾ, ಕೆಳಗ ಕುಕ್ಕರಗಾಲಿಲೆ ಕುಂದರಾಕ ಬರ್ತೈತೇನು, ಮೆಲ್ಲಕ ನೋಡು” ಎಂದರು. ಅವನು ಮೇಜಿನ ಅಂಚು ಹಿಡಿದು ಅರ್ಧ ಬಗ್ಗಿದ, ಬಲಮಂಡಿ ಅಲ್ಲಿಗೇ ನಿಂತಿತು, ಹಣೆಯ ಮೇಲೆ ಬೆವರು ಮೂಡಿತು. ವಕೀಲರು ಎದ್ದು ಬಂದು ತೋಳು ಹಿಡಿದು ಎಬ್ಬಿಸಿದರು. ಮತ್ತೆ ಕೂತು, ನೋಟುಬುಕ್ಕಿನ ಹೊಸ ಹಾಳೆಯಲ್ಲಿ ಅವನ ಹೆಸರಿನ ಕೆಳಗೆ ‘ಗೌಂಡಿ’ ಎಂದು ಬರೆದು ಅದರಡಿಗೆ ಗೆರೆ ಎಳೆದರು.

ಮುಂದಿನ ತಾರೀಖಿಗೆ ಡಾಕ್ಟರ ಸಾಕ್ಷಿ ಇದೆ. ಎಕ್ಸ್‌ರೇ ಕವರನ್ನು ಅತ್ತೆ ಜೋಳದ ಡಬ್ಬಿಯ ಮೇಲೆ, ಇಲಿ ಮುಟ್ಟದ ಜಾಗದಲ್ಲಿ ಎತ್ತಿಟ್ಟಿದ್ದಾಳೆ.